ಇಪ್ಪತ್ತೆಂಟು ನಿಮಿಷ

ಅವನ ಟೈರುಗಳನ್ನು ನಾನು ನೆಲಮಾಳಿಗೆಯ ಕತ್ತಲಲ್ಲಿ
ಮಾಗಲು ಇಡುತ್ತಿದ್ದೆ, ಆಲೂಗಡ್ಡೆ ಮೂಟೆಗಳ ಮೇಲೆ, ಎರಡೆರಡು ವರ್ಷ.
ರೇಷ್ಮೆಯ ಟೈರು. ಒಂದೊಂದೂ ಒಂದು ಸೇಬಿನ ತೂಕ.
ಅರಗು ಹಚ್ಚಿ ರಿಮ್ಮಿಗೆ ಕೂರಿಸಿ
ಹೆಬ್ಬೆರಳಿಂದ ಒತ್ತಿ ಕೇಳುತ್ತಿದ್ದೆ: ಹಿಡಿದೆಯಾ?

ಒಡಿಯೆಲ್ ವರ್ಹಾಗನ್. ಲೇಯ ನದಿಯ ಕಡೆಯವ.
ಅಲ್ಲಿ ಅಗಸೆಯ ಕಟ್ಟುಗಳನ್ನು ನೀರಲ್ಲಿ ಕೊಳೆಹಾಕುತ್ತಿದ್ದರು,
ಬೇಸಿಗೆಯಿಡೀ ಊರಿಗೆ ಊರೇ ನಾತ.
ಗೆದ್ದು ಹೂಗುಚ್ಛ ಹಿಡಿದಾಗಲೂ ಅವನು
ಅಂಗಿಯ ತೋಳನ್ನೇ ಮೂಸಿಕೊಳ್ಳುತ್ತಿದ್ದ
ಇನ್ನೂ ಇದೆಯೇನೋ ಎಂದು.

ಹದಿನಾರಕ್ಕೆ ಬ್ರೆಡ್ಡು ಹಂಚುವ ಹುಡುಗ,
ಇಪ್ಪತ್ತೊಂದಕ್ಕೆ ದೇಶಕ್ಕೆ ಮೊದಲಿಗ.
ನಾನು ಬರೆದಿಟ್ಟ ಪುಸ್ತಕದಲ್ಲಿ ಪದಕಗಳಿಲ್ಲ, ಹಲ್ಲುಗಳಿವೆ:
ಮುಂದಿನ ಚಕ್ರಕ್ಕೆ ಇಪ್ಪತ್ತನಾಲ್ಕು, ಹಿಂದಿನದಕ್ಕೆ ಏಳು,
ಬಿದ್ದಾಗ ಉದುರಿದ್ದು ಎರಡು. ಅವು ಅವನವು.

ಈ ಆಟ ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಬ್ರೇಕಿಲ್ಲ. ಗಾಲಿ ತಿರುಗುವಷ್ಟು ಹೊತ್ತೂ ಕಾಲು ತಿರುಗಲೇಬೇಕು.
ಇಬ್ಬರೇ. ಮುಂದೆ ಹೋದವನು ಗಾಳಿಗೆ ಎದೆ ಕೊಡಬೇಕು,
ಹಿಂದಿನವನಿಗೆ ಅವನ ಬೆನ್ನೇ ಗೋಡೆ, ಬೆನ್ನೇ ಮನೆ.
ಕೊನೆಗೆ ಆ ಮನೆಯಿಂದ ಹೊರಬಿದ್ದು
ಯಜಮಾನನನ್ನೇ ದಾಟಿ ಹೋಗುತ್ತಾನೆ.
ಹಾಗಾಗಿ ಜಗತ್ತಿನ ಅತಿ ವೇಗದ ಇಬ್ಬರು
ಮೊದಲು ಮಾಡುವ ಕೆಲಸ
ನಿಲ್ಲುವುದು.

ಆಂಟ್‌ವರ್ಪ್, ಐವತ್ತಮೂರರ ಚಳಿಗಾಲ.
ಎದುರಾಳಿ ಎರ್ಮೆತೆ ಜಾನೋಲಿ, ಮಾಂತೋವಾದವ,
ಕಿವಿಯ ಹಿಂದೆ ಯಾವಾಗಲೂ ಒಂದು ಬೆಂಕಿಕಡ್ಡಿ.
ಇಳಿಜಾರು ಹಲಗೆಯ ಮೇಲೆ ನಿಂತರು ಇಬ್ಬರೂ.
ಕಾಲು ನೆಲಕ್ಕಿಲ್ಲ. ಮುಂದಕ್ಕೆ ಕೂದಲೆಳೆ, ಹಿಂದಕ್ಕೆ ಕೂದಲೆಳೆ.
ಐದನೇ ನಿಮಿಷಕ್ಕೆ ಜನ ಸೀಟಿ ಹೊಡೆದರು.
ಹತ್ತಕ್ಕೆ ಬಿಯರ್ ತರಲು ಎದ್ದರು.
ಬ್ಯಾಂಡಿನವರು ಒಂದು ವಾಲ್ಟ್ಸ್ ನುಡಿಸಿ ಮುಗಿಸಿ
ತುತ್ತೂರಿಯ ಎಂಜಲು ಒರೆಸಿಕೊಂಡರು.
ಹದಿನೇಳಕ್ಕೆ ಒಡಿಯೆಲ್‌ನ ಎಡ ಮೀನಖಂಡ
ದಡಕ್ಕೆಸೆದ ಮೀನಿನಂತೆ ತನ್ನಷ್ಟಕ್ಕೆ ಮಿಡುಕತೊಡಗಿತು.
ಇಪ್ಪತ್ತು ದಾಟಿದ್ದೇ ಸದ್ದಡಗಿತು.
ಆರು ಸಾವಿರ ಜನ ಉಸಿರು ಬಿಗಿಹಿಡಿದು ನೋಡಿದ್ದು
ಏನೂ ನಡೆಯದಿರುವುದನ್ನು.

ಜಾನೋಲಿ ಆಗ ಏನೋ ಅಂದ, ತುಟಿ ಅಲುಗಿದ್ದು ಕಂಡೆ.
ಒಡಿಯೆಲ್ ನಕ್ಕ. ಎಂದೂ ನಗದವನು.
ಇಪ್ಪತ್ತೆಂಟಕ್ಕೆ ಇಟಲಿಯವನ ಗಾಲಿ ಜಾರಿತು, ಮುಂದೆ ಹೋಗಲೇಬೇಕಾಯಿತು.
ಕೊನೆಯ ಇನ್ನೂರು ಮೀಟರಿಗೆ ಹನ್ನೆರಡು ಸೆಕೆಂಡೂ ಹಿಡಿಯಲಿಲ್ಲ.
ಪತ್ರಿಕೆಗಳು ಅದನ್ನಷ್ಟೇ ಬರೆದವು.
‘ಏನಂದ?’ ಎಂದು ಕೇಳಿದೆ, ಕಾಲು ತಿಕ್ಕುತ್ತ.
‘ಇಟಾಲಿಯನ್ ನನಗೇನು ಗೊತ್ತು’ ಅಂದ.

ಉಳಿದದ್ದು ಬೇಗ ಹೇಳಬಹುದು.
ಮಿಲಾನಿನಲ್ಲಿ ಬಿದ್ದ. ಜೂರಿಚ್‌ನಲ್ಲಿ ಬಿದ್ದಾಗ ಮೊಣಕೈಗೆ ಹೊಕ್ಕ
ಹಲಗೆಯ ಸಿಬಿರು ನನ್ನ ಬೆಂಕಿಪೊಟ್ಟಣದಲ್ಲಿ ಈಗಲೂ ಇದೆ.
ಮೂವತ್ತೆಂಟಕ್ಕೆ ಒಬ್ಬ ಹುಡುಗ, ಹೆಸರು ಬೇಡ,
ಅವನ ಬೆನ್ನನ್ನೇ ಮನೆ ಮಾಡಿಕೊಂಡು ದಾಟಿದ.
ಆಮೇಲೆ ಕಲ್ಲಿದ್ದಲ ಲಾರಿ.
‘ಈ ಬ್ರೇಕು ನಂಬೋಕಾಗಲ್ಲ ಮಾರಾಯ’ ಅನ್ನುತ್ತಿದ್ದ.

ಜಾನೋಲಿ ಸತ್ತ ಸುದ್ದಿ
ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು. ನಾನೇ ಕತ್ತರಿಸಿ ಕೊಟ್ಟೆ.
ಓದಿ, ಮಡಚಿ, ಟೋಪಿಯೊಳಗಿಟ್ಟುಕೊಂಡ.

ಮರುದಿನ ಡೈನ್ಸೆಯ ಸೇತುವೆ ಸಿಗ್ನಲಿನಲ್ಲಿ ಕಂಡ.
ಎಪ್ಪತ್ತೊಂದರ ಮುದುಕ, ಹ್ಯಾಂಡಲಿಗೆ ಈರುಳ್ಳಿ ಚೀಲ.
ಕೆಂಪು ದೀಪ. ಕಾಲು ನೆಲಕ್ಕಿಲ್ಲ.
ಮುಂದಿನ ಗಾಲಿ ಓರೆ, ಚೀಲ ಕೂಡ ಅಲುಗುತ್ತಿಲ್ಲ.
ಹಸಿರು ಬಂತು. ಹೋಗಲಿಲ್ಲ.
ಹಿಂದೆ ವ್ಯಾನಿನವ ಹಾರನ್ ಒತ್ತಿದ, ಬೈದ, ಬಳಸಿಕೊಂಡು ಹೋದ.
ಮತ್ತೆ ಕೆಂಪು. ಮತ್ತೆ ಹಸಿರು.
ಒಡಿಯೆಲ್ ಎಡಗಡೆ, ಯಾರೂ ಇಲ್ಲದ ಕಡೆ
ಕಣ್ಣಂಚಿನಲ್ಲಿ ನೋಡುತ್ತಿದ್ದ:
ನೀನು ಮೊದಲು.