ಬುಟ್ಟಿ ಲೆಕ್ಕ

ಭಾನುವಾರ ಮಿಷಿನ್ನಿಗೆ ರಜೆ.
ಆರು ದಿನ ಜೀನ್ಸಿಗೆ ಜಿಪ್ಪು ಕೂಡಿಸಿದ ಬೆರಳು
ಏಳನೆಯ ದಿನವೂ ನೀಲಿ.
ಮಂಡಕ್ಕಿ ಕಲಸಿದರೆ ಅದಕ್ಕೂ ಬಣ್ಣ ಹತ್ತೀತೆಂದು
ಎರ್ರಿಸ್ವಾಮಿ ನಗುತ್ತಾನೆ,
ನಗುತ್ತಲೇ ಎರಡನೇ ಸಲ ತಟ್ಟೆ ಚಾಚುತ್ತಾನೆ.

ಬಿಸಿಲು ಗುಡ್ಡದ ಬೆನ್ನಿಗಿಳಿದ ಮೇಲೆ
ನಾವು ನಾಲ್ವರು ಕಾಲುವೆ ದಂಡೆಗೆ.
ಹೊಸದಾಗಿ ಸಿಮೆಂಟಿನ ಬಿಲ್ಲೆ ಹಾಸಿದ್ದಾರೆ,
ಕೆಂಪೊಂದು, ಬೂದಿಯದೊಂದು.
ನೀರಿನ ಕಡೆಗೆ ಕಬ್ಬಿಣದ ಕಟಾಂಜನ,
ನಡುವೆ ಬಿಳಿ ಬಣ್ಣದಲ್ಲಿ ಬರೆದ ಸೈಕಲ್ಲು.
ಅದರ ಮೇಲೆ ಯಾರದೋ ಸ್ಕೂಟರ್ ನಿಂತಿದೆ.

ಹುಲಿಗಿಗೆ ಸ್ಕೂಟರ್ ಕಾಣುವುದಿಲ್ಲ.
ಅವಳ ಒಂದು ಸೈಕಲ್ಲಿನಲ್ಲಿ ಮೂರು ಸೈಕಲ್ಲಿವೆ:
ಮೈ ಗುಜರಿಯದು,
ಮುಂದಿನ ಗಾಲಿ ಪಕ್ಕದ ಮನೆಯ ಖಾಸೀಮನದು,
ಹಿಂದಿನದು ಯಾರದೆಂದು ಕೇಳಬಾರದು.
ಬೆಲ್ಲು ಮಾತ್ರ ಹೊಸದು.
ಅದಕ್ಕೇ ಕಾಗೆಗೂ ಬೆಲ್ಲು, ಕಂಬಕ್ಕೂ ಬೆಲ್ಲು,
ಎದುರು ಯಾರೂ ಇಲ್ಲದ ದಾರಿಗೂ ಬೆಲ್ಲು.

ಅವಳಪ್ಪ ಸೀಟು ಹಿಡಿದು ಓಡುತ್ತಾನೆ.
ಆಮೇಲೆ ಬಿಟ್ಟು ಓಡುತ್ತಾನೆ,
ಬಿಟ್ಟದ್ದು ಗೊತ್ತಾಗದಿರಲೆಂದು
ಹಿಡಿದವನ ಹಾಗೇ ಏದುಸಿರು ಬಿಡುತ್ತಾ.
"ಬಿಟ್ಟೀಯೇನಪ್ಪಾ?"
"ಇಲ್ಲವ್ವಾ, ಹಿಡಕಂಡೀನಿ."
ಇಷ್ಟು ಚೆಂದದ ಸುಳ್ಳು
ಹನ್ನೊಂದು ವರ್ಷದಲ್ಲಿ ನನಗೊಂದೂ ಹೇಳಿಲ್ಲ.

ಹಿಂದೆ ನಮ್ಮತ್ತೆ ಸುಂಕ್ಲಮ್ಮ.
ಸಕ್ಕರೆ ಕಾಯಿಲೆಗೆ ಡಾಕ್ಟರು ಬರೆದದ್ದು
ಎರಡು ಮಾತ್ರೆ, ಅರ್ಧ ಗಂಟೆ ನಡಿಗೆ.
ಮಾತ್ರೆ ಮರೆಯುತ್ತಾಳೆ; ನಡಿಗೆಗೆಂದರೆ
ನಾಲ್ಕಕ್ಕೇ ಸೆರಗು ಸಿಕ್ಕಿಸಿ ಹೊಸ್ತಿಲಲ್ಲಿ ಕೂತಿರುತ್ತಾಳೆ.
ಮೊಮ್ಮಗಳು ಹಟ ಹಿಡಿದು ಕೊಡಿಸಿದ ಬೂಟು
ಕೈಯಲ್ಲಿ. ಕಾಲು ಬರಿಗಾಲು.
"ಬೂಟು ಹಾಕ್ಕಂಡ್ರ ನೆಲ ಏನಂತೈತಂತ ಗೊತ್ತಾಗಂಗಿಲ್ಲ."

ಇಲ್ಲಿಂದ ಪಂಪ್‌ಹೌಸಿಗೆ ಒಂದು ಕಿಲೋಮೀಟರು,
ಹಲಗೆ ಹೇಳುತ್ತದೆ.
ಅತ್ತೆ ಹಲಗೆಯನ್ನು ನಂಬುವುದಿಲ್ಲ.
"ಒಂಬತ್ತು ವರ್ಸದಾಕಿ ನಾನು.
ನಮ್ಮವ್ವ ತೆಲಿಮ್ಯಾಗ ಹೊರಿಸಿದ್ಲು ಅರ್ಧ ಬುಟ್ಟಿ ಮಣ್ಣು.
ಏರಿ ಹತ್ತಿ ಸುರುವಿದ್ರ ಮೇಸ್ತ್ರಿ ತಗಡಿನ ಬಿಲ್ಲೆ ಕೊಡಾಂವ,
ಬುಟ್ಟಿಗೊಂದು.
ಅರ್ಧ ಬುಟ್ಟಿಗೆ ಅರ್ಧ ಬಿಲ್ಲೆ ಎಲ್ಲಿಂದ ತರ್ತಾನ?
ಎಲ್ಲಾರು ಒಂದು ಸಲ ಹತ್ತಿದ್ರ ನಾನು ಎರಡು ಸಲ."
ಕಾಲ ಕೆಳಗಿನ ಕೆಂಪು, ಬೂದಿ ನೋಡುತ್ತಾಳೆ.
"ಈಗ ನೋಡು, ಎಷ್ಟು ಬಿಲ್ಲೆ ಚೆಲ್ಲ್ಯಾರ!"

ಆಮೇಲೆ ಸ್ವಲ್ಪ ದೂರ ಸುಮ್ಮನೆ.
ಆಮೇಲೆ, ನನಗಲ್ಲ, ನೀರಿಗೆ ಹೇಳಿದಂತೆ:
"ಹತ್ತದು, ಇಳಿಯದು. ಹತ್ತದು, ಇಳಿಯದು.
ಈ ಏರಿ ಉದ್ದಕ ಎಲ್ಲಿಗೆ ಹೊಕ್ಕತಂತ
ಅವಾಗ ಯಾರು ನೋಡಿದ್ರು?"

ಬಿಲ್ಲೆಯ ಕೆಳಗೆ ಜಲ್ಲಿಪುಡಿ,
ಅದರ ಕೆಳಗೆ ಮಣ್ಣು,
ಆ ಮಣ್ಣಲ್ಲಿ ಎಲ್ಲೋ ಒಂದು ಅರ್ಧ ಬುಟ್ಟಿ.
ನಾನು ಚಪ್ಪಲಿ ಕಳಚಿದೆ.
ಕಲ್ಲು ಇನ್ನೂ ಸುಡುತ್ತಿತ್ತು. ಮತ್ತೆ ಮೆಟ್ಟಿಕೊಂಡೆ.

ಅಷ್ಟರಲ್ಲಿ ಹುಲಿಗಿ ಹೋಗಿ, ತಿರುಗಿ, ಬಂದಳು.
ನಾವೆಲ್ಲ ಒಂದು ಸಲ ನಡೆಯುವ ದಾರಿ ಅವಳಿಗೆ ಮೂರು ಸಲ.
"ಅಜ್ಜೀ, ಕ್ಯಾರಿಯರ್ ಮ್ಯಾಲೆ ಕುಂದ್ರು."
"ಭಾರ ಆಗ್ತೀನಿ ಕೂಸೇ."
"ಎಷ್ಟು ಬುಟ್ಟಿ ಅದೀ?"

ಅತ್ತೆ ನಿಂತಳು. ನಿಜವಾಗಿ ಲೆಕ್ಕ ಹಾಕಿದಳು,
ಬೆರಳ ಗೆಣ್ಣು ಮುಟ್ಟಿ ಮುಟ್ಟಿ.
ಲೆಕ್ಕ ಎಲ್ಲಿಗೆ ಬಂತೋ ಹೇಳಲಿಲ್ಲ.
ಬೂಟಿನ ದಾರಕ್ಕೆ ದಾರ ಗಂಟು ಹಾಕಿ
ಕ್ಯಾರಿಯರಿಗೆ ಇಳಿಬಿಟ್ಟಳು, ಆ ಕಡೆಗೊಂದು, ಈ ಕಡೆಗೊಂದು.
"ಸದ್ಯಕ್ಕ ಇವು ಹೋಗಲಿ."

"ಹಂಗ ಉದ್ದಕ ಹೋದ್ರ ಅನಂತಪುರ ಬರ್ತೈತಬೇ,"
ಮಗ ಕೂಗಿ ಹೇಳಿದ, ಉಸಿರು ಹಿಡಿದುಕೊಳ್ಳುತ್ತಾ.
"ಇವತ್ತು ಪಂಪ್‌ಹೌಸ್ ಸಾಕು" ಅಂದಳು.

ಮುಂದೆ ಮುಂದೆ ಬೆಲ್ಲು.
ಬೆಲ್ಲಿನ ಹಿಂದೆ
ಯಾರ ಕಾಲೂ ಇಲ್ಲದ ಬೂಟು ಜೋಡಿ
ಒದೆಯುತ್ತಾ, ಜೋಲುತ್ತಾ, ಸವಾರಿ ಹೊರಟಿತ್ತು.