ಚಿಲ್ಲರೆ ಬಾಕಿ

ಅಂದ್ರೂನ್ ಕಿಲ್ಲಾದ ಓಣಿಯಲ್ಲಿ ವೆಂಕೋಬರಾವ್ ಶಿರಸ್ತೇದಾರರ ಮನೆ
ಆ ರವಿವಾರ ಅಂಗಳಕ್ಕೆ ಬಂದು ಕೂತಿತ್ತು:
ಬೆತ್ತ ಹರಿದ ಆರಾಮಕುರ್ಚಿ, ಉಪ್ಪಿನಕಾಯಿ ಭರಣಿ,
ಮೂರು ಬೀಗ, ಕೀಲಿ ಇಲ್ಲ.
ನಾನು ಹೋದದ್ದು ತಾಮ್ರದ ಹಂಡೆಗೆ.
ಅದು ಆಗಲೇ ಯಾರದೋ ಎಕ್ಸೆಲ್ ಗಾಡಿ ಹತ್ತಿತ್ತು.

ಉಳಿದದ್ದು ಡಾಲ್ಡಾ ಡಬ್ಬಿ.
ಅಲುಗಿಸಿದೆ.
ಹದಿನಾಲ್ಕು ವರ್ಷ ಚರ್ಮದ ಚೀಲ ಹೆಗಲಿಗೆ ಹಾಕಿದವಳಿಗೆ
ಸಪ್ಪಳದಲ್ಲೇ ಗೊತ್ತು ಯಾವುದು ಎಷ್ಟರ ಬಿಲ್ಲೆ.
ತಳದಲ್ಲಿ ಇನ್ನೊಂದು ಸಪ್ಪಳವಿತ್ತು, ತಣ್ಣಗೆ,
ನನ್ನ ಚೀಲ ಎಂದೂ ಆಡದ ಮಾತು.

"ಮುನ್ನೂರು ಕೊಡ್ರಿ," ಅಂದರು ಸೊಸೆ ಗೋದಾಬಾಯಿ,
"ಡಬ್ಬಿಗೇ ನೂರು ಆಗ್ತದ."
ಮೂರು ನೋಟು ಎಣಿಸಿ ಕೊಟ್ಟೆ.
ಲೆಕ್ಕ ಚುಕ್ತಾ.

ರಾತ್ರಿ ಹುಣಸೆಹಣ್ಣು ಹಚ್ಚಿ ಒಂದನ್ನು ತಿಕ್ಕಿದೆ.
ಆನೆ ಎದ್ದು ಬಂತು, ಸೊಂಡಿಲು, ಬಾಲ, ಫಳಫಳ.
"ಅಯ್ಯ ಹುಲಿಗೆಮ್ಮಾ, ಕೊಂದಿ ಅದನ್ನ,"
ಮರುದಿನ ಮೌನೇಶ ಪತ್ತಾರ ಹಣೆ ಹಣೆ ಬಡಿದುಕೊಂಡ.
"ಮೈ ಮೇಲಿನ ಕಪ್ಪೇ ಅದರ ವಯಸ್ಸು.
ವಯಸ್ಸಿಗೇ ರೊಕ್ಕ."

ನಡುವೆ ತೂತಿನ ಕಾಸು ಮೂವತ್ತೊಂದು:
"ಇವು ಸೇರಿನ ಲೆಕ್ಕದಾಗ ಸಿಗ್ತಾವ,
ಮೊಮ್ಮಗ ಹುಟ್ಟಿದ್ರ ಉಡದಾರಕ್ಕ ಕಟ್ಟು."
ರಾಣಿಯ ಮುಖದ ರೂಪಾಯಿಯನ್ನು ಕಲ್ಲಿನ ಮೇಲೆ ಬಿಟ್ಟ.
ಟಪ್ ಅಂತ ಬಿತ್ತು, ಹಾಡಲಿಲ್ಲ.
ಸೀಸ.
ಶಿರಸ್ತೇದಾರರಿಗೂ ಯಾರೋ ಟೋಪಿ ಹಾಕಿದ್ದಾರೆ.

ಆಮೇಲೆ ತಳದವು ಐದು, ಚಾರ್‌ಮಿನಾರು ಹೊತ್ತವು.
ಓದಿದ್ದು ಉರ್ದು ಶಾಲೆಯ ಖೈರುನ್ನೀಸಾ ಟೀಚರು,
ಚಷ್ಮದ ಮೇಲೆ ಭೂತಗನ್ನಡಿ ಹಿಡಿದು:
"ಬಾಗಿಲದಾಗ ಒಂದು ಅಕ್ಷರ ನಿಂತದ, ನೋಡು.
ಐನ್ ಇದ್ರ ಮಗನ ಕಾಲ, ಮೀಮ್ ಇದ್ರ ಅಪ್ಪಂದು."
ನಾಲ್ಕರಲ್ಲಿ ಮಗ. ಒಂದರಲ್ಲಿ ಅಪ್ಪ,
ಹೊಸ್ತಿಲಲ್ಲೇ ನಿಂತಿದ್ದಾನೆ, ಒಳಗೂ ಇಲ್ಲ, ಹೊರಗೂ ಇಲ್ಲ.
"ತೊಂಬತ್ತೆರಡು ಅಂತ ಐತಲ್ರಿ, ಇಸವಿ ಏನು?"
ಟೀಚರು ನಕ್ಕರು. "ಅಲ್ಲವಾ, ಅದು ಪೈಗಂಬರರ ಹೆಸರು,
ಅಕ್ಷರ ಕೂಡಿಸಿದ್ರ ಅಷ್ಟಾಗ್ತದ."

ಪತ್ತಾರನ ಕರೆಂಟಿನ ತಕ್ಕಡಿಯ ಪಕ್ಕ
ಈಗಲೂ ಒಂದು ಡಬ್ಬಿಯಲ್ಲಿ ಗುಲಗಂಜಿ.
ನನಗೆ ತೋರಿಸಲೆಂದೇ ತೂಗಿದ.
ತೊಲಕ್ಕೆ ತೊಂಬತ್ತಾರು ಗುಂಜಿ;
ಹಾಲಿ ರೂಪಾಯಿ ತುಸು ಹಗುರ, ತೊಂಬತ್ತೆರಡು ಬರಬೇಕು.
ಬಂದದ್ದು ತೊಂಬತ್ತೊಂದು.
"ಇನ್ನೊಂದು?"
"ಕೈಗೆ ಹೋತು," ಅಂದ. "ಎಷ್ಟು ಕೈ, ಯಾರಿಗೆ ಗೊತ್ತು."
ಒಂದೇ ಒಂದು ಗುಲಗಂಜಿ,
ಕಪ್ಪು ಕಣ್ಣಿನದು, ಹಲಗೆಯ ಮೇಲೆ ಉಳಿಯಿತು.

"ಹೈದರಾಬಾದಿನ ಗಿರಾಕಿ ಸಿಕ್ರ
ಎಲ್ಲಾ ಕೂಡಿ ಒಂಬತ್ತು ಸಾವಿರದ ನಾಕನೂರು.
ಆನಿ ತಿಕ್ಕದಿದ್ರ ಹತ್ತು ದಾಟ್ತಿತ್ತು."

ಮಂಗಳವಾರ, ಐದೂವರೆಯ ಸಿಂಧನೂರು ಗಾಡಿ.
ಹೆಂಗಸರಿಗೆಲ್ಲ ಸೊನ್ನೆ ಟಿಕೆಟ್, ಚೀಲ ಹಗುರ.
ಕಲ್ಮಲಾದಲ್ಲಿ ಹತ್ತಿದ ಮುದುಕ ಐನೂರರ ನೋಟು ಚಾಚಿದ.
ಟಿಕೆಟಿನ ಬೆನ್ನಿಗೆ ನಾನೂರರವತ್ತು ಬರೆದು
ಸುತ್ತ ಒಂದು ಸುತ್ತು ಹಾಕಿ ಕೊಟ್ಟೆ:
"ಇಳಿಯೂ ಮುಂದ ಕೇಳಿ ಇಸ್ಕೋರಿ."

ಕಾಲಬುಡದಲ್ಲಿ ಯಾರೋ ಎಸೆದ ಹಳೇ ಟಿಕೆಟ್ ಬಿದ್ದಿತ್ತು.
ಎತ್ತಿಕೊಂಡು ಅದರ ಬೆನ್ನಿಗೂ ಬರೆದೆ:
ಶಿರಸ್ತೇದಾರ್ ಮನೆ, ಒಂಬತ್ತು ಸಾವಿರದ ನೂರು.
ಸುತ್ತು ಹಾಕಲು ಹೋಗಿ ಪೆನ್ನು ನಿಂತಿತು.
ಮಗಳ ಫೀಸು ಎರಡು ಕಂತು ಉಳಿದಿದೆ.
ಕೇಳದೆ ಇಳಿದವರ ಚಿಲ್ಲರೆ ಎಲ್ಲಿ ಹೋಗುತ್ತದೆಂದು
ಡಿಪೋದಲ್ಲಿ ಇದುವರೆಗೆ ಯಾರೂ ಕೇಳಿಲ್ಲ.

ಮಾನ್ವಿ ಬಂತು.
ಮುದುಕ ಎದ್ದು, ಗಂಟು ಹೆಗಲಿಗೇರಿಸಿ,
ಟಿಕೆಟ್ ಕಿವಿಗೆ ಸಿಕ್ಕಿಸಿಕೊಂಡು ಮರೆತು ಇಳಿದೇಬಿಟ್ಟ.
ಸೀಟಿ ಬಾಯಲ್ಲೇ ಇತ್ತು.
ಊದಲಿಲ್ಲ.
"ಯಜಮಾನ್ರೇ," ಅಂತ ಕೂಗುತ್ತ ನಾನೂ ಇಳಿದೆ.