ತಂತಿ ಕಾಣಬಾರದು

ನೋಲೀನ್ ಪ್ರಯರ್ ತನ್ನ ಯೂಟನ್ನು ತಂದು ನಿಲ್ಲಿಸಿದ್ದು
ಆಕ್ಸೈಡ್ ಬೀದಿಯ ಹಿಂದಿನ ನನ್ನ ತಗಡಿನ ಶೆಡ್ಡಿನಲ್ಲಿ.
ಬ್ರೋಕನ್ ಹಿಲ್ಲಿನ ಅರ್ಧ ಕೆಂಧೂಳು ಅದರ ಮೈಮೇಲೇ ಇತ್ತು.
ಹಿಂದೆ ಕಬ್ಬಿಣದ ರ‍್ಯಾಕು, ರ‍್ಯಾಕಿನ ಮೇಲೆ ನಾಲ್ಕು ದೀಪ,
ದೀಪದಿಂದ ಬ್ಯಾಟರಿಯವರೆಗೆ
ಯಾರೋ ಅವಸರದಲ್ಲಿ ಬೈದ ಹಾಗೆ ತಂತಿ:
ಬಾಗಿಲ ಸಂದಿಯಲ್ಲಿ ಜಜ್ಜಿ, ಸೈಲೆನ್ಸರಿಗೆ ತಾಗಿ ಕರಗಿ,
ಸುತ್ತಿದ ಕಪ್ಪು ಟೇಪು ಬಿಸಿಲಿಗೆ ಬೆಲ್ಲದ ಪಾಕ.

"ಮುಂದೆ ನೋಡಲು ದೀಪ ಇದೆ," ಅಂದಳು.
"ಇವು ಪಕ್ಕಕ್ಕೆ, ಕೆಳಕ್ಕೆ. ನನ್ನ ಕೈ ಕಂಡರೆ ಸಾಕು."
ಲಾರಿ ಬಡಿದು ಬಿದ್ದ ಕಾಂಗರೂಗಳ ಹೊಟ್ಟೆಚೀಲಕ್ಕೆ
ಕೈಹಾಕಿ ನೋಡುವ ಕೆಲಸ ಅವಳದು, ರಾತ್ರಿಯದು, ಸಂಬಳವಿಲ್ಲದ್ದು.
ಆವತ್ತೂ ಒಂದು ಜೊತೆಗಿತ್ತು. ಬಾಗಿಲ ಹಿಡಿಗೆ
ದಿಂಬಿನ ಚೀಲ ತೂಗುಹಾಕಿದಳು.
ಚೀಲ ಉಸಿರಾಡುತ್ತಿತ್ತು.

ಹಳೆಯದನ್ನೆಲ್ಲ ಕಿತ್ತು ಬಕೆಟ್ಟಿಗೆ ಹಾಕಿದೆ.

ಸಂಕೇಶ್ವರದ ಲಾರಿ ಸ್ಟ್ಯಾಂಡಿನಲ್ಲಿ ದಸ್ತಗೀರ್ ಮೇಸ್ತ್ರಿ
ಕಿವಿ ಹಿಂಡಿ ಕಲಿಸಿದ್ದು: "ಮೊದ್ಲ ನೀರಿಗೆ ಇಳಿಯಾಕ ದಾರಿ ಕೊಡು,
ಆಮ್ಯಾಲೆ ಕರೆಂಟಿಗೆ ಹತ್ತಾಕ."
ಅದಕ್ಕೇ ದೀಪದ ಬುಡದಲ್ಲಿ ತಂತಿ ಒಮ್ಮೆ ತಗ್ಗಬೇಕು,
ಹನಿ ಉದುರಿಸಿ ಒಳಗೆ ಹೋಗಬೇಕು.
ಬ್ಯಾಟರಿಯಿಂದ ಗೇಣು ದೂರದಲ್ಲೇ ಫ್ಯೂಸು.
ತಗಡಿನ ತೂತಿಗೆ ರಬ್ಬರಿನ ಬಳೆ ತೊಡಿಸದೆ
ಏನನ್ನೂ ದಾಟಿಸಬಾರದು; ತೂತಿನ ಅಂಚಿಗೆ ತಾಳ್ಮೆ ಬಹಳ.
ಅರ್ತಿಗೆ ಬಣ್ಣ ಕೆರೆದು ಬರಿಯ ಕಬ್ಬಿಣ ಮುಟ್ಟಿಸಿದೆ.
ರ‍್ಯಾಕಿನ ಕೊಳವೆ ಟೊಳ್ಳು. ಸೈಕಲ್ಲಿನ ಬ್ರೇಕ್ ವಯರು ಒಳಗೆ ಬಿಟ್ಟು
ಗಾಳ ಹಾಕಿದವನ ಹಾಗೆ ಒಂದು ಗಂಟೆ ಕೂತೆ.

ಮೇಸ್ತ್ರಿಯ ಹೆಂಡತಿ ಹುಸೇನಬಿ
ಅದೇ ಸ್ಟ್ಯಾಂಡಿನ ಮೂಲೆಯಲ್ಲಿ ಸೀರೆಗೆ ಫಾಲ್ ಹಚ್ಚುತ್ತಿದ್ದಳು.
ಒಂದೆಳೆ ಎತ್ತಿ, ಒಂದೆಳೆ ಬಿಟ್ಟು,
ಹೊರಗಿನಿಂದ ನೋಡಿದರೆ ಸೂಜಿ ಆ ಊರಿಗೇ ಬಂದಿಲ್ಲ.
ಲಾರಿಯ ಕೆಳಗೆ ಮಲಗಿ ನಾನು
ಇಬ್ಬರಲ್ಲಿ ಯಾರಿಂದ ಕಲಿತೆನೋ.

ಸಂಜೆ ಐದಕ್ಕೆ ಕರೆದು ತೋರಿಸಿದೆ.
ಕ್ಯಾಬಿನ್ನಿನಿಂದ ಟ್ರೇಗೆ ಗೆರೆ ಎಳೆದಂತೆ ಬಿಗಿದ ತಂತಿ,
ಪಟ್ಟಿಗಳ ಬಾಲವೆಲ್ಲ ಸಮ ಕತ್ತರಿಸಿ.
ಹೊಗಳಲಿ ಎಂದು ಸುಮ್ಮನೆ ನಿಂತೆ.
ಅವಳು ಒಂದು ಬೆರಳಿಟ್ಟು ಒತ್ತಿದಳು. ಅದು ವೀಣೆಯಂತೆ ನುಡಿಯಿತು.
"ಕುರಿ ಸ್ಟೇಷನ್ನಿನ ಮಣ್ಣುರಸ್ತೆಯಲ್ಲಿ
ಮುಂದಿನದು ಒಂದು ಕುಣಿತ, ಹಿಂದಿನದು ಇನ್ನೊಂದು,
ಇದು ಯಾರ ಮಾತು ಕೇಳಬೇಕು?"

ಕಿವಿ ಬಿಸಿಯಾಯಿತು. ಮೇಸ್ತ್ರಿ ಇದ್ದಿದ್ದರೆ ಸ್ಪ್ಯಾನರು ಎಸೆಯುತ್ತಿದ್ದ.
ನಾಲ್ಕು ಪಟ್ಟಿ ಕತ್ತರಿಸಿ,
ಎರಡು ಬೆರಳಷ್ಟು ತೂಗುವ ಹಾಗೆ ಬಳುಕು ಬಿಟ್ಟು ಮತ್ತೆ ಕಟ್ಟಿದೆ.
ನೋಡಲು ಅಷ್ಟು ಚಂದವಿಲ್ಲ. ಈ ಗಂಟೆಯ ಕೂಲಿ ಬರೆಯಲಿಲ್ಲ.

ಸ್ವಿಚ್ಚು ಒತ್ತಿದಾಗ ಶೆಡ್ಡಿನ ಗೋಡೆಯೆಲ್ಲ ಬೆಳ್ಳಗಾಯಿತು.
ಚೀಲದೊಳಗೆ ಏನೋ ಒದೆಯಿತು.
"ಆರಿಸು, ಆರಿಸು," ಅಂದಳು, ನನಗೋ ಅದಕ್ಕೋ
ಅದೇ ಮೆಲುದನಿಯಲ್ಲಿ.

ಮೂರು ವಾರದ ಮೇಲೆ, ಜನರೇಟರು ರಿಪೇರಿ ಮುಗಿಸಿ
ಟಿಬೂಬರಾ ಕಡೆಯಿಂದ ಬರುವಾಗ
ಬಯಲ ನಡುವೆ ಬೆಳಕಿನದೊಂದು ಕೋಣೆ.
ಬೆಳಕಿನಲ್ಲಿ ಮಂಡಿಯೂರಿದ ಹೆಂಗಸು, ಮೊಣಕೈವರೆಗೆ ಕೆಂಪು,
ತಲೆ ಎತ್ತಲಿಲ್ಲ.
ಗಾಡಿ ನಿಧಾನಿಸಿದೆ. ನೀರು ಬೇಕೇ ಎಂದು ಕೇಳಬೇಕಿತ್ತು.
ನಾನೋ, ನಾಚಿಕೆಗೆಟ್ಟವನು,
ರ‍್ಯಾಕಿನ ಕೆಳಗೆ ತಂತಿ ಹುಡುಕುತ್ತಿದ್ದೆ.